ಹೆರಾಲ್ಡಿನ ಡ್ರೈವರ್ ಸೈಡು

ತುಮಕೂರು ರಸ್ತೆಯ ನಡುವೆ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ ಅದು. ಟಿ. ದಾಸರಹಳ್ಳಿಯ ಮನೆಯಿಂದ ಪೀಣ್ಯದ ನನ್ನ ಶೆಡ್ಡಿಗೆ ಸ್ಕೂಟರಿನಲ್ಲಿ ಹೊರಟರೆ, ನಡೆದು ಹೋಗುವವರು ನನ್ನನ್ನು ಹಿಂದೆ ಹಾಕಿ ತಿರುಗಿ ನೋಡಿ ನಗುತ್ತಿದ್ದರು. ಅಂಥ ಒಂದು ಬೆಳಿಗ್ಗೆ ನಾನು ತಲುಪುವ ಹೊತ್ತಿಗೆ ಶೆಡ್ಡಿನ ಬಾಗಿಲಲ್ಲಿ ಒಂದು ಲಾರಿ ನಿಂತಿತ್ತು. ಅದರ ಮೇಲೆ ಹಗ್ಗ ಬಿಗಿಸಿಕೊಂಡು ಒಂದು ಹಳೆಯ ಹೆರಾಲ್ಡ್ ಕಾರು ಕುಳಿತಿತ್ತು. ಅದರ ಮುಂದಿನ ಚಕ್ರಗಳಲ್ಲಿ ಒಂದು ದಾಸರಹಳ್ಳಿಯ ಕಡೆಗೆ ನೋಡುತ್ತಿದ್ದರೆ ಇನ್ನೊಂದು ಯಶವಂತಪುರದ ಕಡೆಗೆ ನೋಡುತ್ತಿತ್ತು.

ಹಳೆಯ ಸಣ್ಣ ಕಾರುಗಳನ್ನು ಮೊದಲಿನಂತೆ ಮಾಡಿಕೊಡುವುದು ಆಗ ನನ್ನ ಕಸುಬು. ವೈಟ್‌ಫೀಲ್ಡು, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಲ್ಲಿ ಕೆಲಸ ಮಾಡುವವರಿಗೆ ಅಪ್ಪನ ಕಾಲದ ಕಾರಿನ ಹುಚ್ಚು ಹಿಡಿದಿದ್ದ ದಿನಗಳು. ಅವರಿಗೆ ಬಣ್ಣ ಮಿಂಚಬೇಕು, ಹಾರ್ನು ಹಳೆಯ ದನಿಯಲ್ಲೇ ಕೂಗಬೇಕು. ಓಡುವ ವಿಷಯಕ್ಕೆ ಬಂದರೆ, ಭಾನುವಾರ ಬೆಳಿಗ್ಗೆ ದೋಸೆ ತಿನ್ನಲು ಹೋಗಿ ಬಂದರೆ ಸಾಕು. ಈ ಕಾರೂ ಅಂಥವರದ್ದೇ ಇರಬೇಕು ಎಂದುಕೊಂಡೆ.

ಲಾರಿಯ ಹಿಂದೆ ನಿಂತಿದ್ದ ಹೊಸ ಕಾರಿನಿಂದ ಅರವತ್ತು ದಾಟಿದ ಹೆಂಗಸೊಬ್ಬರು ಇಳಿದರು. ಜೊತೆಗೆ ಅವರ ಮಗ. ವರ್ತೂರಿನ ಹಳೆಯ ಒಕ್ಕಲು ಮನೆತನ. ಹೊಲಗಳ ಮೇಲೆ ಈಗ ಬಾಡಿಗೆ ಮನೆಗಳಿವೆ, ಮಗ ಅವುಗಳನ್ನು ನೋಡಿಕೊಳ್ಳುತ್ತಾನೆ. ಕೊನೆಯದಾಗಿ ಉಳಿದಿದ್ದ ದನದ ಕೊಟ್ಟಿಗೆಯನ್ನೂ ಕೆಡವಿದಾಗ ಅದರೊಳಗಿದ್ದ ಕಾರು ಬಯಲಿಗೆ ಬಂದಿತ್ತು. ಆಕೆ ನನ್ನ ಹೆಸರನ್ನೂ ಕೇಳದೆ ನೇರ ವಿಷಯಕ್ಕೆ ಬಂದರು.

"ಇದ್ನ ನಾನು ಓಡಿಸ್ಬೇಕು ಕಣಪ್ಪ. ಮನೆ ಮುಂದೆ ನಿಲ್ಸಿ ನೋಡೋಕಲ್ಲ."

ಮಗ ನನ್ನ ಕಡೆ ನೋಡಿ, ಅಮ್ಮನ ಮಾತು ನಡೆಸಿಕೊಡಿ ಎನ್ನುವಂತೆ ಕಣ್ಣು ಮಿಟುಕಿಸಿದ. ನನಗೂ ನಗು ಬಂತು. ಆದರೆ ಆಕೆ ನಗುತ್ತಿರಲಿಲ್ಲ.

ಲಾರಿಯಿಂದ ಕಾರನ್ನು ಇಳಿಸುವಾಗ ಆಕೆ ಅದರ ಕಥೆ ಹೇಳಿದರು. ವೈಟ್‌ಫೀಲ್ಡಿನ ಆಂಗ್ಲೋ ಇಂಡಿಯನ್ ಪಿಂಚಣಿದಾರರೊಬ್ಬರು ದೇಶ ಬಿಟ್ಟು ಹೊರಟಾಗ ಇವರ ಗಂಡ ಕೊಂಡದ್ದಂತೆ. ಕೊಂಡವರಿಗೆ ಕೊನೆಯವರೆಗೂ ಓಡಿಸಲು ಬರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಆಕೆಯೇ ಕಲಿತು, ಹಿಂದಿನ ಸೀಟು ಕಿತ್ತು, ಬೆಳಗಿನ ಜಾವ ಕೊತ್ತಂಬರಿ ಸೊಪ್ಪು ತುಂಬಿಕೊಂಡು ಮಾರ್ಕೆಟ್ಟಿಗೆ ಹೋಗುತ್ತಿದ್ದರು. ಗಂಡ ಪಕ್ಕದಲ್ಲಿ ಕುಳಿತು, ತೊಡೆಯ ಮೇಲೂ ಎರಡು ಕಟ್ಟು ಇಟ್ಟುಕೊಂಡು, ದಾರಿಯುದ್ದಕ್ಕೂ "ನಿಧಾನ, ನಿಧಾನ" ಎನ್ನುತ್ತಿದ್ದರಂತೆ.

"ಸ್ಟೇರಿಂಗು ಎಂಗಿತ್ತು ಗೊತ್ತಾ? ಒಂದು ಬೆರಳಲ್ಲಿ ತಿರುಗ್ತಿತ್ತು. ಊರೋರೆಲ್ಲ ಬಾಯಿ ಮೇಲೆ ಕೈ ಇಟ್ಕಂಡು ನೋಡೋರು," ಎಂದರು. ಹೀಗೆನ್ನುವಾಗ ಅವರ ಬಲಗೈ ಗಾಳಿಯಲ್ಲಿ ಅರ್ಧ ಸುತ್ತು ತಿರುಗಿ, ಭುಜದ ನೋವಿಗೆ ಅಲ್ಲೇ ನಿಂತಿತು. ಮೆಟ್ಟಿಲಿನಿಂದ ಬಿದ್ದು ಭುಜಕ್ಕೆ ಪೆಟ್ಟಾಗಿತ್ತು ಎಂದು ಮಗ ಹೇಳಿದ.

ಹೆರಾಲ್ಡಿನ ಸ್ಟೀರಿಂಗು ಸರಳವಾದದ್ದು. ನಾವು ಕೈಯಲ್ಲಿ ತಿರುಗಿಸಿದರೆ, ಕೆಳಗೆ ಅಡ್ಡಲಾಗಿ ಮಲಗಿರುವ ಹಲ್ಲಿನ ಸರಳೊಂದು ಆ ಕಡೆಗೋ ಈ ಕಡೆಗೋ ಸರಿಯುತ್ತದೆ. ಅದಕ್ಕೆ ರ‍್ಯಾಕು ಎನ್ನುತ್ತೇವೆ. ಅದರ ಎರಡು ತುದಿಗಳಿಂದ ಹೊರಟ ಕಂಬಿಗಳು ಒಂದೊಂದು ಮುಂದಿನ ಚಕ್ರದ ಬಳಿ ಒಂದೊಂದು ಆರ್ಮಿಗೆ ಸೇರುತ್ತವೆ. ಆರ್ಮ್ ಎಂದರೆ ಗೇಣುದ್ದದ ಉಕ್ಕಿನ ತೋಳು. ಚಕ್ರವನ್ನು ಹಿಡಿದು ತಿರುಗಿಸುವುದು ಅದೇ. ಈ ಕಾರಿನಲ್ಲಿ ಎರಡು ಆರ್ಮುಗಳೂ ಇರಲಿಲ್ಲ. ಚಕ್ರಗಳು ತಮ್ಮಿಷ್ಟಕ್ಕೆ ಒಂದೊಂದು ದಿಕ್ಕು ನೋಡುತ್ತಿದ್ದದ್ದು ಅದಕ್ಕೇ.

ಯಾಕೆ ಇಲ್ಲ ಎಂದು ಕೇಳಿದೆ.

"ಸ್ಯಾಂಪಲ್ ತೋರ್ಸಿ ಒಸಾದು ತತ್ತೀನಿ ಅಂತ ಮೆಕ್ಯಾನಿಕ್ಕು ಬಿಚ್ಕಂಡು ಓದ. ಇವತ್ತು ಬತ್ತಾನೆ, ನಾಳೆ ಬತ್ತಾನೆ ಅಂತ ನಮ್ಮೆಜಮಾನ್ರು ಕಾಯ್ತಾನೇ ಇದ್ರು," ಎಂದರು ಆಕೆ. ಒಂದು ಒಳ್ಳೆಯ ಕಾರು ಕೊಟ್ಟಿಗೆ ಸೇರಲು ಇಷ್ಟು ಸಾಕಾಯಿತು.

ಮೊದಲು ರ‍್ಯಾಕನ್ನು ಹಿಡಿದೆ. ಹೆರಾಲ್ಡಿನಲ್ಲಿ ಒಂದು ಸುಖವಿದೆ. ಮುಂಭಾಗದ ತಗಡೆಲ್ಲ ಒಂದೇ ತುಂಡಾಗಿ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಟೈರಿನ ಮೇಲೆ ಕುಳಿತು, ಪಕ್ಕದಲ್ಲಿ ಟೀ ಇಟ್ಟುಕೊಂಡು ಕೆಲಸ ಮಾಡಬಹುದು. ರ‍್ಯಾಕಿನ ರಬ್ಬರು ಆಸರೆಗಳು ಕರಗಿದ ಬೆಲ್ಲದಂತಾಗಿದ್ದವು. ಹಲ್ಲುಗಳು ನಡುವೆ ಸವೆದು, ತುದಿಗಳಲ್ಲಿ ಹೊಸದರಂತಿದ್ದವು. ನೇರ ಓಡುವಾಗ ಹೆಚ್ಚು ಕೆಲಸ ಮಾಡುವುದು ನಡುವಿನ ಹಲ್ಲುಗಳೇ. ಅಲ್ಲಿಗೆ ಸರಿಹೋಗುವಂತೆ ಬಿಗಿದರೆ ತುದಿಯಲ್ಲಿ ಹಿಡಿದುಕೊಳ್ಳುತ್ತದೆ, ತುದಿಗೆ ಸರಿಮಾಡಿದರೆ ನಡುವೆ ಲೊಡಲೊಡ. ಹೀಗಾಗಿ ಸವೆಯದ ತುದಿಯ ಹಲ್ಲನ್ನೇ ಅಳತೆ ಹಿಡಿದು ಹೊಸ ಸರಳು ಕತ್ತರಿಸಿಕೊಡಲು ಪಕ್ಕದ ಓಣಿಯ ಗೇರ್ ಕಟಿಂಗಿನವರಿಗೆ ಕೊಟ್ಟೆ.

ಆಗ ಪೀಣ್ಯದಲ್ಲಿ ಒಂದು ಓಣಿ ಸುತ್ತಿದರೆ ಕಾರೊಂದನ್ನು ಬುಡದಿಂದ ಕಟ್ಟಬಹುದಿತ್ತು. ಒಬ್ಬರು ಹಲ್ಲು ಕತ್ತರಿಸುವವರು, ಒಬ್ಬರು ಉಕ್ಕನ್ನು ಕಾಯಿಸಿ ಹದ ಮಾಡುವವರು, ಒಬ್ಬರು ಬರೀ ಸ್ಪ್ರಿಂಗು ಸುತ್ತುವವರು. ಇಡೀ ಬೀದಿಗೆ ಸುಟ್ಟ ಕಟಿಂಗ್ ಆಯಿಲ್ಲಿನ ವಾಸನೆ. ಮನೆಗೆ ಹೋದರೆ ಹೆಂಡತಿ, "ಮೊದ್ಲು ಸ್ನಾನ, ಆಮೇಲೆ ಮಾತು" ಎನ್ನುತ್ತಿದ್ದಳು. ಗೇರ್ ಕಟಿಂಗಿನವರ ಶೆಡ್ಡು ಇವತ್ತು ಆನ್‌ಲೈನ್ ಸಾಮಾನಿನ ಗೋದಾಮು. ಆ ವಾಸನೆ ನನಗೆ ಈಗಲೂ ಬೇಕು ಅನ್ನಿಸುತ್ತದೆ.

ರ‍್ಯಾಕು ಚೆನ್ನಾಗಿಯೇ ಬಂತು. ತೊಂದರೆ ಆರ್ಮುಗಳದ್ದು. ಅವನ್ನು ಯಾರ ಹತ್ತಿರವೋ ಮಾಡಿಸಿ ಹಾಕುವ ಧೈರ್ಯ ನನಗಿರಲಿಲ್ಲ. ಓಡುವ ಗಾಡಿಯಲ್ಲಿ ಆರ್ಮ್ ಮುರಿದರೆ ದೇವರೇ ಗತಿ. ಶಿವಾಜಿನಗರದ ಓಣಿಗಳಲ್ಲಿ ಅಲೆದು ಒಂದನ್ನು ತಂದೆ. ಕಂಬಿಯ ತುದಿಗೆ ನೀಲಿ ಬಣ್ಣ ಸವರಿ, ಆರ್ಮಿನ ತೂತಿನಲ್ಲಿ ಕೂರಿಸಿ ತೆಗೆದು ನೋಡಿದರೆ, ಬಣ್ಣ ತೂತಿನ ಅರ್ಧಕ್ಕಷ್ಟೇ ಅಂಟಿತ್ತು. ಅಂದರೆ ತುದಿ ಪೂರ್ತಿ ಕೂರುತ್ತಿರಲಿಲ್ಲ. ಬೇರೆ ಯಾವುದೋ ಗಾಡಿಯದು. ಇನ್ನೊಂದು ಸಿಕ್ಕಿತು. ಅದನ್ನು ಯಾರೋ ಕುಲುಮೆಯಲ್ಲಿ ಕಾಯಿಸಿ ಬಡಿದು ನೆಟ್ಟಗೆ ಮಾಡಿದ್ದರು. ಅದೂ ಬೇಡವಾಯಿತು. ನನಗೆ ಬೇಕಾದದ್ದು ಒಂದೇ ಗಾಡಿಯಿಂದ ಬಿಚ್ಚಿದ ಒಂದು ಜೋಡಿ.

ಅದು ಸಿಕ್ಕಿದ್ದು ಮಾದನಾಯಕನಹಳ್ಳಿಯ ಗುಜರಿ ಗೋದಾಮಿನಲ್ಲಿ. ಅಲ್ಲಿನ ಸಾಹೇಬರು ಮದ್ರಾಸಿನಿಂದ ಹಳೆ ಸಾಮಾನು ತರಿಸುತ್ತಿದ್ದರು. ತಂತಿ ಕಟ್ಟಿದ್ದ ಎರಡು ಆರ್ಮುಗಳನ್ನು ಗೋಣಿಚೀಲದಿಂದ ತೆಗೆದು ನನ್ನ ಮುಂದಿಟ್ಟರು. ಒಂದಕ್ಕೆ ಕೆಂಪು ಬಣ್ಣದ ಚುಕ್ಕೆ ಇತ್ತು.

"ಕೆಂಪಗಿರೋದು ಡ್ರೈವರ್ ಸೈಡ್, ಭಾಯ್. ಇನ್ನೊಂದು ಕ್ಲೀನರ್ ಸೈಡ್. ನಾನೇ ನಿಂತು ಬಿಚ್ಚಿಸಿದ್ದು, ಅನುಮಾನ ಬೇಡ."

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಗ್ಯಾರೇಜುಗಳಲ್ಲಿ ಯಾರೂ ಎಡ, ಬಲ ಎನ್ನುವುದಿಲ್ಲ. ಗಾಡಿಯ ಮುಂದೆ ನಿಂತವನ ಎಡ, ಸೀಟಿನಲ್ಲಿ ಕುಳಿತವನಿಗೆ ಬಲ. ಇಬ್ಬರೂ ಸೇರಿ ಒಂದು ಬೋಲ್ಟ್ ಬಿಚ್ಚುವಷ್ಟರಲ್ಲಿ ಜಗಳವೇ ಆಗಿಹೋಗುತ್ತದೆ. ಹಾಗಾಗಿ ಲಾರಿಯವರಿಂದ ಕಲಿತು ಡ್ರೈವರ್ ಸೈಡು, ಕ್ಲೀನರ್ ಸೈಡು ಎನ್ನುತ್ತೇವೆ. ಕಾರಿನಲ್ಲಿ ಕ್ಲೀನರ್ ಎಲ್ಲಿಂದ ಬಂದ ಎಂದು ಯಾರೂ ಕೇಳುವುದಿಲ್ಲ. ಎಲ್ಲಿ ನಿಂತು ಹೇಳಿದರೂ ಅರ್ಥ ಕೆಡದ ಮಾತು ಅದು ಎಂದು ನನಗೆ ಕೆಲಸ ಕಲಿಸಿದವರು ಹೇಳಿದ್ದರು. ಕೆಂಪು ಚುಕ್ಕೆಯದನ್ನು ಸ್ಟೀರಿಂಗ್ ಇರುವ ಕಡೆಗೆ, ಇನ್ನೊಂದನ್ನು ಆಚೆ ಕಡೆಗೆ ಬಿಗಿದೆ. ನೀಲಿ ಬಣ್ಣ ಈ ಸಲ ತೂತಿನ ಸುತ್ತ ಪೂರ್ತಿ ಅಂಟಿತು. ಎರಡು ಆರ್ಮುಗಳ ತುದಿಯೂ ಸ್ವಲ್ಪ ಒಳಕ್ಕೆ ವಾಲಿ, ಕಣ್ಣಿಗೆ ಹಿತವಾಗಿ ಕೂತವು.

ಗಾಡಿ ಸಿದ್ಧವಾದಾಗ ಆಕೆಗೆ ಫೋನು ಮಾಡಿಸಿದೆ. ಹೂವು, ಕುಂಕುಮ, ನಿಂಬೆಹಣ್ಣು ಎಲ್ಲ ತಂದಿದ್ದರು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಚಪ್ಪಲಿ ಕಳಚಿ ಒಳಗೆ ಕುಳಿತರು. ನೇರ ರಸ್ತೆಯಲ್ಲಿ ಹೆರಾಲ್ಡ್ ಚೆನ್ನಾಗಿ ಹೋಯಿತು. ನಾನೂ ಮಗನೂ ಹಿಂದೆ ನಡೆದು ಹೋಗುತ್ತಿದ್ದೆವು. ಓಣಿಯ ಕೊನೆಯಲ್ಲಿ ತಿರುಗಿಸಲು ಹೊರಟಾಗ ಟೈರುಗಳು ಕಿರ್ರೆಂದವು. ಗಾಡಿಯನ್ನು ಯಾರೋ ಹಿಂದಿನಿಂದ ಹಿಡಿದು ನಿಲ್ಲಿಸಿದಂತೆ ಕಂಡಿತು. ಆಕೆ ಎರಡು ಕೈಯಲ್ಲೂ ಎಳೆದರು. ಬಲಭುಜ ಎತ್ತಲಾಗದೆ ಅರ್ಧದಲ್ಲೇ ಕೈಬಿಟ್ಟರು. ಕಾರು ರಸ್ತೆಗೆ ಅಡ್ಡ ನಿಂತಿತು. ಹಿಂದೆ ಗೂಡ್ಸ್ ಆಟೋದವನು ಹಾರ್ನು ಒತ್ತತೊಡಗಿದ.

ಮಗ ಓಡಿ ಹೋಗಿ ಬಾಗಿಲು ತೆಗೆದ. ಆಕೆ ಇಳಿದು, ಸೆರಗಿನಿಂದ ಮುಖ ಒರೆಸಿಕೊಂಡರು.

"ಭಾರ ಇದೆ ಅಮ್ಮ, ನೋಡ್ತೀನಿ, ಏನೋ ಹಿಡೀತಿದೆ," ಎಂದೆ.

"ನೀನೇನು ಮಾಡ್ತೀಯಪ್ಪ. ಕುಣಿಯೋಕೆ ಬರ್ದೋಳು ನೆಲ ಡೊಂಕು ಅಂದ್ಳಂತೆ. ಕೈಯಾಗೆ ಶಕ್ತಿ ಇಲ್ದೆ ಗಾಡಿ ಮೇಲೆ ಯಾಕೆ ತಪ್ಪು ಒರಿಸ್ಲಿ. ಈ ಕೈ ಅಂಗೇ, ದರಿದ್ರದ್ದು," ಎಂದು ಬಲಗೈಯನ್ನು ತೊಡೆಗೆ ಒಂದು ಸಲ ಬಡಿದುಕೊಂಡರು. ಆಮೇಲೆ ಮಗನ ಕಾರಿನಲ್ಲಿ ಹಿಂದೆ ಕುಳಿತು ಕಿಟಕಿ ಏರಿಸಿಬಿಟ್ಟರು. ನನಗೆ ಬಹಳ ಕೆಟ್ಟದೆನಿಸಿತು.

ಮಗ ಮಾರನೆಯ ದಿನವೇ ಫೋನು ಮಾಡಿದ. "ಸಾರ್, ಪವರ್ ಸ್ಟೇರಿಂಗ್ ಹಾಕ್ಬಿಡಿ. ಹೊಸ ಚಿಕ್ಕ ಕಾರುಗಳದ್ದು ಸೆಟ್ ಸಿಗುತ್ತಲ್ಲ. ಒರಿಜಿನಲ್ ಅಂತ ಹಟ ಏನಿಲ್ಲ. ಅಮ್ಮ ಓಡಿಸಿದ್ರೆ ಸಾಕು." ಒಳ್ಳೆಯ ಮಗ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಸೆಟ್ಟನ್ನು ಅವನೇ ಕಳಿಸಿಕೊಟ್ಟ.

ಆದರೆ ಅದನ್ನು ಕೂರಿಸಬೇಕಾದರೆ ಚಾಸಿಯ ಮುಂದಿನ ಅಡ್ಡಪಟ್ಟಿಯನ್ನು ಕತ್ತರಿಸಬೇಕು. ಕತ್ತರಿಸಿದ ಮೇಲೆ ಅದು ಹೆರಾಲ್ಡ್ ಆಗಿ ಉಳಿಯುವುದಿಲ್ಲ. ಹೆರಾಲ್ಡಿನ ವೇಷ ಹಾಕಿದ ಇನ್ನೇನೋ ಆಗುತ್ತದೆ. ಬಳಪದಲ್ಲಿ ಗೆರೆ ಎಳೆದೆ. ಗ್ರೈಂಡರಿಗೆ ಹೊಸ ಚಕ್ರ ಹಾಕಿದೆ. ಆಕೆಯ ಗಾದೆ ಮಾತ್ರ ತಲೆಯಿಂದ ಹೋಗಲೊಲ್ಲದು. ಕುಣಿಯಲು ಬಾರದವಳು ನೆಲ ಡೊಂಕು ಎನ್ನುವುದನ್ನು ಬೇಕಾದಷ್ಟು ಕೇಳಿದ್ದೇನೆ, ಗಿರಾಕಿಗಳಿಗೆ ನಾನೇ ಅಂದಿದ್ದೇನೆ. ನೆಲ ನಿಜಕ್ಕೂ ಡೊಂಕಿದ್ದು, ಕುಣಿಯುವವಳು ತನ್ನ ಕಾಲನ್ನೇ ಬೈದುಕೊಂಡರೆ ಏನು ಮಾಡುವುದು? ಒಂದು ಬೆರಳಲ್ಲಿ ತಿರುಗುತ್ತಿದ್ದದ್ದು ಎಂದರೆ ಸ್ವಲ್ಪ ಉಪ್ಪುಖಾರ ಇರಬಹುದು. ಆದರೆ ಅದೇ ಮಾಡೆಲಿನ ಕಾರುಗಳು ಸಣ್ಣ ಜಾಗದಲ್ಲಿ ಬುಗುರಿಯಂತೆ ತಿರುಗುತ್ತಿದ್ದದ್ದನ್ನು ನಾನು ಹುಡುಗನಾಗಿದ್ದಾಗ ಕಣ್ಣಾರೆ ಕಂಡಿದ್ದೆ. ಭುಜ ನೋಯುವವರಿಗೂ ಅದು ಇಷ್ಟು ಭಾರವಾಗಬಾರದು. ಗ್ರೈಂಡರಿನ ಪ್ಲಗ್ ಕಿತ್ತು ಮಗನಿಗೆ ಫೋನು ಮಾಡಿ, ಸ್ವಲ್ಪ ದಿನ ಕೊಡಿ ಎಂದೆ.

ಅವನು ಹೇಳಿದ, "ತಗೊಳ್ಳಿ ಸಾರ್. ಆದ್ರೆ ಅಮ್ಮನ್ನ ಇನ್ನೊಂದ್ಸಲ ಕರೆಸಿ ಹಂಗೇ ಆದ್ರೆ ಕಷ್ಟ. ಮನೇಲಿ ಆಗ್ಲೇ ಗಾಡಿ ಮಾರ್ಬಿಡು ಅಂತಿದಾರೆ."

ಅಂದರೆ ಇನ್ನು ಒಂದೇ ಅವಕಾಶ. ಮೊದಲು ಸುಲಭದವನ್ನೆಲ್ಲ ನೋಡಿದೆ. ಟೈರಿನ ಗಾಳಿ ಸರಿಯಿತ್ತು. ಚಕ್ರಗಳು ಎಡಬಲಕ್ಕೆ ತಿರುಗುವ ಕಂಬಗಳಿಗೆ ಎಣ್ಣೆ ಇತ್ತು. ರ‍್ಯಾಕನ್ನು ಬಿಡಿಸಿ ಬರಿಗೈಯಲ್ಲಿ ತಳ್ಳಿದರೆ ಬೆಣ್ಣೆಯಂತೆ ಸರಿಯಿತು. ಜಾಕು ಹಾಕಿ ಚಕ್ರ ಮೇಲೆತ್ತಿದಾಗ ಸ್ಟೀರಿಂಗು ಹಗುರ. ನೆಲಕ್ಕಿಳಿಸಿ ಉರುಳಿಸಿದರೆ ಮಾತ್ರ ಭಾರ. ಹಾಗಾದರೆ ಹಿಡಿಯುತ್ತಿರುವುದು ಕಬ್ಬಿಣವಲ್ಲ, ಟೈರು ಮತ್ತು ನೆಲ.

ಶೆಡ್ಡಿನ ನೆಲದ ಮೇಲೆ ಸುಣ್ಣದ ಪುಡಿ ಚೆಲ್ಲಿದೆ. ಸ್ಟೀರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿಟ್ಟು, ಓಣಿಯ ಇಬ್ಬರನ್ನು ಕರೆದು ಕಾರನ್ನು ಮೆಲ್ಲಗೆ ತಳ್ಳಿಸಿದೆ. ಉರುಳಿದ ಟೈರು ಅಚ್ಚು ಬಿಡಬೇಕು. ಇಲ್ಲಿ ಎರಡು ಕಡೆಯೂ ಅಚ್ಚಿನ ಬದಲು ಪೊರಕೆಯಲ್ಲಿ ಗುಡಿಸಿದಂತೆ ಪುಡಿ ಸರಿದಿತ್ತು. ಚಕ್ರಗಳ ಪಕ್ಕಕ್ಕೆ ಉದ್ದನೆಯ ಪಟ್ಟಿ ಇಟ್ಟು ಗೆರೆ ಎಳೆದು ಕೋನ ಅಳೆದೆ. ಅಳೆದದ್ದನ್ನು ನಂಬದೆ ಮತ್ತೆ ಅಳೆದೆ.

ಕಣದಲ್ಲಿ ಎತ್ತುಗಳನ್ನು ಸುತ್ತು ಹೊಡೆಸಿದವರಿಗೆ ಇದು ಗೊತ್ತು. ಒಳಗಿನ ಎತ್ತು ಚಿಕ್ಕ ಸುತ್ತು ತಿರುಗುತ್ತದೆ, ಹೊರಗಿನದು ದೊಡ್ಡ ಸುತ್ತು. ಕಾರಿನ ಮುಂದಿನ ಚಕ್ರಗಳೂ ಹಾಗೆಯೇ. ತಿರುವಿನ ಒಳಗಿರುವ ಚಕ್ರ ಹೆಚ್ಚು ತಿರುಗಬೇಕು, ಹೊರಗಿನದು ಕಡಿಮೆ. ನನ್ನ ಹೆರಾಲ್ಡಿನಲ್ಲಿ ಅದು ಉಲ್ಟಾ ಆಗಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಎರಡು ಚಕ್ರಗಳೂ ಜಗ್ಗಾಡುತ್ತಿದ್ದವು. ಅವುಗಳ ನಡುವೆ ಆ ತಾಯಿ ತನ್ನ ನೋಯುವ ಭುಜ ಇಟ್ಟು ಎಳೆದಿದ್ದರು.

ಯಾವ ಚಕ್ರ ಎಷ್ಟು ತಿರುಗಬೇಕು ಎನ್ನುವುದನ್ನು ನಿರ್ಧರಿಸುವುದು ಆರ್ಮಿನ ವಾಲಿಕೆ. ಟೈರಿನ ಮೇಲೆ ಕುಳಿತು ಅವನ್ನೇ ನೋಡುತ್ತಾ ಇದ್ದೆ. ನಾನು ಅದುವರೆಗೆ ಬಿಚ್ಚಿದ ಕಾರುಗಳಲ್ಲೆಲ್ಲ ಆರ್ಮು ಹಿಂದಕ್ಕೆ ಚಾಚಿಕೊಂಡು, ತುದಿ ಒಳಕ್ಕೆ ವಾಲಿರುತ್ತಿತ್ತು. ಇಲ್ಲಿಯೂ ಒಳಕ್ಕೆ ವಾಲಿದ್ದನ್ನು ಕಂಡು ಕಣ್ಣಿಗೆ ಹಿತವೆನಿಸಿದ್ದು ಅದಕ್ಕೇ. ಆದರೆ ಹೆರಾಲ್ಡಿನಲ್ಲಿ ರ‍್ಯಾಕು ಇರುವುದು ಚಕ್ರಗಳಿಗಿಂತ ಮುಂದೆ, ಆರ್ಮು ಚಾಚುವುದೂ ಮುಂದಕ್ಕೆ. ಹಾಗಿದ್ದ ಮೇಲೆ ತುದಿ ಹೊರಕ್ಕೆ ವಾಲಬೇಕಲ್ಲವೇ? ಒಳಕ್ಕೆ ವಾಲಬೇಕಾದರೆ ಡ್ರೈವರ್ ಸೈಡಿನದು ಕ್ಲೀನರ್ ಸೈಡಿಗೆ ಬಂದಿರಬೇಕು. ಕೆಂಪು ಚುಕ್ಕೆಯೇನೋ ಡ್ರೈವರ್ ಸೈಡಿನಲ್ಲೇ ಇತ್ತು.

ಸ್ಕೂಟರು ಹತ್ತಿ ಮಾದನಾಯಕನಹಳ್ಳಿಗೆ ಹೋದೆ. ಸಾಹೇಬರು ಚಾಪೆಯ ಮೇಲೆ ಕುಳಿತು ಡೈನಮೋ ಒಂದರ ತಾಮ್ರ ಬಿಡಿಸುತ್ತಿದ್ದರು.

"ಸಾಹೇಬ್ರೆ, ಆ ಆರ್ಮುಗಳು ಬಿಚ್ಚಿದ್ದು ಯಾವ ಗಾಡಿಯಿಂದ?"

"ಹೆರಾಲ್ಡೇ ಭಾಯ್. ಮದ್ರಾಸ್‌ನಲ್ಲಿ ಯಾವುದೋ ಕಾನ್ಸುಲೇಟ್‌ದು. ಫಾರಿನ್‌ನವರು ಅವರ ದೇಶದಿಂದಾನೇ ತಂದಿದ್ರು."

"ಅವರ ದೇಶದಿಂದ ಅಂದ್ರೆ, ಸ್ಟೇರಿಂಗು ಎಲ್ಲಿತ್ತು?"

ಅವರು ಡೈನಮೋ ಕೆಳಗಿಟ್ಟು ಎರಡು ಕೈಯನ್ನೂ ಗಾಳಿಯಲ್ಲಿ ಹಿಡಿದು, ಆ ಕಾರಿನಲ್ಲಿ ತಾವೇ ಕುಳಿತಂತೆ ನೆನಪು ಮಾಡಿಕೊಂಡರು. ಕೈಗಳು ಮೆಲ್ಲಗೆ ಎಡಕ್ಕೆ ಸರಿದವು.

"ಎಡಗಡೆ ಇತ್ತು," ಎಂದರು.

ನಾನು ಅಲ್ಲೇ ಕಬ್ಬಿಣದ ರಾಶಿಯ ಮೇಲೆ ಕುಳಿತೆ. "ಮತ್ತೆ ಡ್ರೈವರ್ ಸೈಡು ಅಂದ್ರಲ್ಲ ಸಾಹೇಬ್ರೆ."

"ಹೌದಲ್ಲ. ಡ್ರೈವರ್ ಎಲ್ಲಿ ಕೂರ್ತಾನೋ ಅದೇ ತಾನೇ ಡ್ರೈವರ್ ಸೈಡು? ನಾನೇನು ಸುಳ್ಳು ಹೇಳಿದ್ನಾ?"

ಹೇಳಿರಲಿಲ್ಲ. ಎಲ್ಲಿ ನಿಂತು ಹೇಳಿದರೂ ಅರ್ಥ ಕೆಡದ ಮಾತೇ ಅದು. ಗಾಡಿ ನಮ್ಮ ದೇಶದ್ದಾಗಿದ್ದರೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅವರು ಟೀ ತರಿಸಿದರು. ಆಗಿನ ಮಾದನಾಯಕನಹಳ್ಳಿಯಲ್ಲಿ ಗೋದಾಮಿನ ಹಿಂದೆ ಇನ್ನೂ ಅವರೆ ಹೊಲವಿತ್ತು. ಆ ಸೊಗಡಿನ ನಡುವೆ ಕುಡಿದ ಟೀ ನನಗೆ ಇವತ್ತಿಗೂ ಮರೆತಿಲ್ಲ.

ವಾಪಸು ಬಂದವನೇ ಆರ್ಮುಗಳನ್ನು ಅದಲುಬದಲು ಮಾಡಿದೆ. ತುದಿಗಳು ಹೊರಕ್ಕೆ ವಾಲಿ, ನನ್ನ ಕಣ್ಣಿಗೆ ವಕ್ರವಾಗಿ ಕಂಡವು. ಕಣ್ಣಿಗೆ ಬುದ್ಧಿ ಹೇಳಿದೆ. ಉದ್ದಕ್ಕೂ ದಾರ ಕಟ್ಟಿ ಚಕ್ರಗಳ ನೇರ ಹಿಡಿದೆ, ಕಂಬಿಗಳ ಅಳತೆ ಹೊಸದಾಗಿ ಸರಿಮಾಡಿದೆ. ಪುಡಿ ಚೆಲ್ಲಿ ಮತ್ತೆ ತಳ್ಳಿಸಿದೆ. ಈ ಸಲ ಟೈರಿನ ಒಂದೊಂದು ಗೀರೂ ನೆಲದ ಮೇಲೆ ಸ್ಪಷ್ಟವಾಗಿ ಮೂಡಿತು. ತಳ್ಳುತ್ತಿದ್ದವನು, "ಏನ್ ಗುರು, ಇಷ್ಟು ಹಗುರ ಆಗೋಯ್ತು?" ಎಂದ. ನನಗೆ ಹಬ್ಬವಾದಂತಾಯಿತು. ಆದರೂ ಮಗನಿಗೆ ಫೋನಿನಲ್ಲಿ, ಅಮ್ಮನವರಿಗೆ ಏನೂ ಹೇಳಬೇಡಿ, ಸುಮ್ಮನೆ ಗಾಡಿ ನೋಡಲು ಎಂದು ಕರೆತನ್ನಿ ಎಂದೆ.

ಆಕೆ ಈ ಸಲ ಹೂವು ತಂದಿರಲಿಲ್ಲ. ಕಾರಿನ ಸುತ್ತ ಒಂದು ಸುತ್ತು ಬಂದು, "ಬಣ್ಣ ಚೆನ್ನಾಗಿ ಬಂದದೆ. ತಗಳ್ಳೋರು ಯಾರಾನ ಸಿಕ್ಕಿದ್ರಾ?" ಎಂದು ಕೇಳಿದರು.

"ಇಲ್ಲಮ್ಮ. ಆವತ್ತು ಗಾಡೀಲಿ ಒಂದು ತಪ್ಪಿತ್ತು. ಎರಡು ಸಾಮಾನು ಆ ಕಡೇದು ಈ ಕಡೆ, ಈ ಕಡೇದು ಆ ಕಡೆ ಆಗಿತ್ತು. ಸರಿ ಮಾಡಿದೀನಿ. ಒಂದ್ಸಲ ಕೂತ್ಕೊಳ್ಳಿ."

"ಬ್ಯಾಡಪ್ಪ. ನನ್ ಸಮಾಧಾನಕ್ಕೆ ಅಂತ ಏನಾನ ಏಳ್ಬ್ಯಾಡ."

ಮಗ ಡ್ರೈವರ್ ಬಾಗಿಲು ತೆಗೆದು ಹಿಡಿದು ನಿಂತ. ಅವನು ಅಷ್ಟು ಹೊತ್ತು ಹಾಗೆ ನಿಂತದ್ದಕ್ಕೆ ನಾಚಿಕೊಂಡೋ ಏನೋ, ಆಕೆ ಚಪ್ಪಲಿ ಕಳಚಿ ಒಳಗೆ ಕುಳಿತರು.

ಹೆರಾಲ್ಡ್ ಹೊರಟಿತು. ನಾವಿಬ್ಬರೂ ಹಿಂದೆ ಹೋಗಲಿಲ್ಲ, ಬಾಗಿಲಲ್ಲೇ ನಿಂತೆವು. ಓಣಿಯ ಕೊನೆ ಬಂತು. ಟೈರು ಕೂಗಲಿಲ್ಲ. ಕಾರು ತಿರುಗಿ ಮೂಲೆಯಲ್ಲಿ ಮರೆಯಾಯಿತು. ಎಲ್ಲಿಯೋ ಪವರ್ ಪ್ರೆಸ್ಸಿನ ದಢ್ ದಢ್ ಸದ್ದು. ಅದರ ನಡುವೆ ಇಂಜಿನ್ನಿನ ದನಿ ದೂರವಾಯಿತು, ಆಮೇಲೆ ಇಲ್ಲವಾಯಿತು. ಮಗ ಜೇಬಿಗೆ ಕೈ ಹಾಕಿದವನು, ಅಮ್ಮನ ಫೋ‌ನೂ ತನ್ನ ಹತ್ತಿರವೇ ಇದೆ ಎಂದ. ಕಾಯುವುದು ಬಿಟ್ಟು ಬೇರೆ ದಾರಿಯಿರಲಿಲ್ಲ.

ಬಹಳ ಹೊತ್ತಾದ ಮೇಲೆ ಓಣಿಯ ಇನ್ನೊಂದು ತುದಿಯಿಂದ ಬಂದರು. ಇಡೀ ಬ್ಲಾಕು ಸುತ್ತಿ, ಇನ್ನೂ ಎರಡು ಬ್ಲಾಕು ಸುತ್ತಿ ಬಂದಿದ್ದರು. ಶೆಡ್ಡಿನ ಮುಂದೆ ನಿಲ್ಲಿಸಿದರು. ಇಂಜಿನ್ನು ಆರಿಸಲಿಲ್ಲ, ಇಳಿಯಲೂ ಇಲ್ಲ. ಮಗ ಕಿಟಕಿಗೆ ಬಾಗಿ, "ಹೆಂಗಿದೆ ಅಮ್ಮ?" ಎಂದ. ಆಕೆಯ ಕಣ್ಣು ತುಂಬಿತ್ತು. ಬಲಗೈಯನ್ನು ಸ್ಟೀರಿಂಗಿನಿಂದ ತೆಗೆದು, ಅಂಗೈ ಮೇಲೆ ಮಾಡಿ ಮಡಿಲಿನಲ್ಲಿ ಇಟ್ಟುಕೊಂಡು, ಎಡಗೈಯಿಂದ ಅದನ್ನು ಮೆಲ್ಲಗೆ ಸವರಿದರು.

"ಪಾಪ, ಇದ್ನ ಸುಮ್‌ಸುಮ್ನೆ ಬೈಕಂಡ್ಬಿಟ್ಟೆ ಕಣಪ್ಪ," ಎಂದರು.